ಬಿಸಿಲಿಗೆ ಬಣ್ಣ ಹೋಗುತ್ತದೆ, ಉಪ್ಪು ಹೋಗುತ್ತದೆಯೇ?

ಪ್ರಶ್ನೆ: ಸರ್, ನಮ್ಮದು ರಬಕವಿ-ಬನಹಟ್ಟಿ ಕಡೆಯ ಸಣ್ಣ ಬಣ್ಣದ ಘಟಕ. ದಿನಕ್ಕೆ 50 ಕೆ.ಜಿ. ಹತ್ತಿ ನೂಲಿನ ಲಡಿಗಳಿಗೆ ಬಣ್ಣ ಹಾಕುತ್ತೇವೆ, ಹೆಚ್ಚಾಗಿ ರಿಯಾಕ್ಟಿವ್ ಬಣ್ಣ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವಂಥದ್ದು). ಒಂದು ತೊಟ್ಟಿಗೆ 1,000 ಲೀಟರ್ ನೀರು. ಲೀಟರಿಗೆ 50 ಗ್ರಾಂ ಉಪ್ಪು, 15 ಗ್ರಾಂ ಸೋಡಾ ಆಶ್. ಕೋರಾ ನೂಲು ಬೇಯಿಸಿದ್ದು, ತೊಳೆದದ್ದು ಎಲ್ಲ ಸೇರಿ ದಿನಕ್ಕೆ ಸುಮಾರು 5,000 ಲೀಟರ್ ಹೊರಗೆ ಹೋಗುತ್ತದೆ. ಲ್ಯಾಬ್ ವರದಿಯಲ್ಲಿ ಪಿಎಚ್ 10.4, ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) 800 ಇದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ನೋಡಿಸಿಲ್ಲ. ಮೊನ್ನೆ ಒಬ್ಬರು ಬಂದು ಬಿಳಿ ನ್ಯಾನೋ ಪುಡಿ ತೋರಿಸಿದರು. ಬೀಕರಿನ ನೀಲಿ ನೀರಿಗೆ ಅದನ್ನು ಹಾಕಿ ಬಿಸಿಲಿಗಿಟ್ಟರೆ ಮುಕ್ಕಾಲು ಗಂಟೆಯಲ್ಲಿ ನೀರು ತಿಳಿಯಾಯಿತು. ಕರೆಂಟ್ ಬೇಡ, ಕೆಸರಿಲ್ಲ, 10 ಕೆ.ಜಿ. ಪುಡಿ ವರ್ಷಗಟ್ಟಲೆ ಬರುತ್ತದೆ, ಶುದ್ಧವಾದ ನೀರನ್ನು ಕಬ್ಬಿಗೂ ಬಿಡಬಹುದು ಎನ್ನುತ್ತಾರೆ. ಪುಡಿ ಮತ್ತು ಪಾಲಿಕಾರ್ಬೊನೇಟ್ ಮುಚ್ಚಳದ ತೊಟ್ಟಿಗೆ ಮುಂಗಡ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ಈಗಲೇ ಕೊಡಬೇಡಿ. ಅವರು ತೋರಿಸಿದ್ದು ಕಣ್ಕಟ್ಟಲ್ಲ, ವಿಜ್ಞಾನ ನಿಜವಾದದ್ದೇ. ಆದರೆ ಬೀಕರಿನಲ್ಲಿದ್ದ ನೀರಿಗೂ ನಿಮ್ಮ ತೊಟ್ಟಿಯಿಂದ ಹೊರಬೀಳುವ ನೀರಿಗೂ ಬಣ್ಣವೊಂದನ್ನು ಬಿಟ್ಟರೆ ಹೋಲಿಕೆ ಇಲ್ಲ. ನಿಮ್ಮ ದೊಡ್ಡ ತೊಂದರೆ ಬಣ್ಣವೂ ಅಲ್ಲ, ನೀವು ಇನ್ನೂ ಅಳೆಸದ ಟಿಡಿಎಸ್. ಅದನ್ನು ಈ ಪುಡಿ ಒಂದು ಗ್ರಾಂನಷ್ಟೂ ಇಳಿಸುವುದಿಲ್ಲ.

ಆ ಪುಡಿ ಬಹುತೇಕ ಟೈಟಾನಿಯಂ ಡೈಆಕ್ಸೈಡ್ ಇರಬೇಕು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನೇ ಒಡೆಯುತ್ತದೆ ಎಂದು ತೋರಿಸಿದ ಮೇಲೆ ಈ ವಿದ್ಯೆ ಬೆಳೆಯಿತು. ಅದರ ಅನಟೇಸ್ ಎಂಬ ರೂಪಕ್ಕೆ 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಅಂದರೆ ಸುಮಾರು 388 ನ್ಯಾನೋಮೀಟರಿಗಿಂತ ಗಿಡ್ಡ ತರಂಗದ ಬೆಳಕು. ಅಂಥ ಬೆಳಕು ಬಿದ್ದಾಗ ಕಣದೊಳಗೆ ಒಂದು ಎಲೆಕ್ಟ್ರಾನ್ ಮೇಲೆದ್ದು ಅದರ ಜಾಗ ಖಾಲಿಯಾಗುತ್ತದೆ. ಖಾಲಿ ಜಾಗ ನೀರಿನಿಂದ ತೀರಾ ಚುರುಕಾದ ಅಣು-ತುಂಡನ್ನು, ಅಂದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ, ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿದ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಈ ರ‍್ಯಾಡಿಕಲ್ಲಿನ ಉತ್ಕರ್ಷಣ ಬಲ 2.8 ವೋಲ್ಟ್, ಓಝೋನಿನದು 2.07, ಕ್ಲೋರಿನ್ನಿನದು 1.36. ಎದುರಾದ ಸಾವಯವ ಅಣುವನ್ನೆಲ್ಲ ಅದು ಕಚ್ಚುತ್ತದೆ. ಆದರೆ ಎದ್ದ ಎಲೆಕ್ಟ್ರಾನ್‌ಗಳಲ್ಲಿ ಹೆಚ್ಚಿನವು ಯಾವ ಕೆಲಸವನ್ನೂ ಮಾಡದೆ ಮರಳಿ ತಮ್ಮ ಜಾಗಕ್ಕೇ ಬೀಳುತ್ತವೆ. ನೂರು ಫೋಟಾನ್ (ಬೆಳಕಿನ ಕಣ) ಬಿದ್ದರೆ ನಾಲ್ಕೈದು ಕೆಲಸಕ್ಕೆ ಬಂದರೂ ಪುಣ್ಯ. ಸಾಲದ್ದಕ್ಕೆ ಬಿಸಿಲಿನಲ್ಲಿ ಅಂಥ ಅತಿನೇರಳೆ ಬೆಳಕಿನ ಪಾಲು ಶೇ 3ರಿಂದ 5 ಮಾತ್ರ.

ಈ ಪುಡಿ ನಿಜಕ್ಕೂ ಗೆದ್ದಿರುವುದು ತನ್ನಿಂದ ತಾನೇ ಸ್ವಚ್ಛವಾಗುವ ಕಿಟಕಿ ಗಾಜು ಮತ್ತು ಗೋಡೆಯ ಟೈಲ್ಸ್‌ಗಳಲ್ಲಿ. ಅಲ್ಲಿ ಕೊಳೆ ತೀರಾ ತೆಳು, ಬಿಸಿಲು ದಿನವಿಡೀ, ಅವಸರ ಯಾರಿಗೂ ಇಲ್ಲ.

ಬೀಕರಿನ ನೀಲಿ

ಇಂಥ ಪ್ರದರ್ಶನಕ್ಕೆ ಸಾಮಾನ್ಯವಾಗಿ ಬಳಸುವುದು ಮೆಥಿಲೀನ್ ಬ್ಲೂ, ಲೀಟರಿಗೆ 10 ಮಿ.ಗ್ರಾಂ ಆಸುಪಾಸು, ಅದೂ ಡಿಸ್ಟಿಲ್ಡ್ ನೀರಿನಲ್ಲಿ. ಇದನ್ನು ಆರಿಸಿಕೊಳ್ಳಲು ಕಾರಣವಿದೆ. ಮೆಥಿಲೀನ್ ಬ್ಲೂ ಧನ ಆವೇಶದ ಅಣು. ಪಿಎಚ್ ಸುಮಾರು 6.5ಕ್ಕಿಂತ ಮೇಲಿದ್ದರೆ ಪುಡಿಯ ಮೈ ಋಣ ಆವೇಶ ಪಡೆಯುತ್ತದೆ, ಅಣು ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ. ನೀರಿನ ಬಣ್ಣದಲ್ಲಿ ಒಂದಷ್ಟು ಹೀಗೆ ಬರೀ ಅಂಟಿಕೊಂಡೇ ಇಳಿಯುತ್ತದೆ. ಮೇಲಾಗಿ ಈ ಬಣ್ಣ ಕಣ್ಣಿಗೆ ಕಾಣುವ ಬೆಳಕನ್ನು ತಾನೇ ಹೀರಿ ತನ್ನನ್ನೇ ಕೆಡಿಸಿಕೊಳ್ಳಬಲ್ಲದು, ಆಮ್ಲಜನಕ ಕಡಿಮೆಯಿದ್ದರೆ ಒಡೆಯದೆಯೂ ಬಣ್ಣವಿಲ್ಲದ ರೂಪಕ್ಕೆ ತಿರುಗಬಲ್ಲದು.

ನಿಮ್ಮ ರಿಯಾಕ್ಟಿವ್ ಬಣ್ಣಗಳು ಸಲ್ಫೋನೇಟ್ ಗುಂಪುಗಳಿರುವ ಋಣ ಆವೇಶದವು. ಪಿಎಚ್ 10.4ರಲ್ಲಿ ಪುಡಿಯೂ ಋಣವೇ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ.

ಅದಕ್ಕಿಂತ ಕೆಟ್ಟ ಶತ್ರು ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್. ಕಾರ್ಬೊನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲುಗಳನ್ನು ನುಂಗಿಬಿಡುತ್ತದೆ, ಬೈಕಾರ್ಬೊನೇಟಿಗಿಂತ ನಲವತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ. ನೀವು ದಿನಕ್ಕೆ ಹಾಕುವ 15 ಕೆ.ಜಿ. ಸೋಡಾ ಆಶ್ 5,000 ಲೀಟರಿನಲ್ಲಿ ಹರಡಿದರೆ ಲೀಟರಿಗೆ 3 ಗ್ರಾಂ. ಇನ್ನು ಬಣ್ಣ: ನೂಲಿನ ತೂಕದ ಶೇ 2 ಎಂದರೆ 1 ಕೆ.ಜಿ.; ಅದರಲ್ಲಿ ಶೇ 30 ನೂಲಿಗೆ ಹಿಡಿಯದೆ ಉಳಿದರೆ ಲೀಟರಿಗೆ 60 ಮಿ.ಗ್ರಾಂ. ಸರಳ ಲೆಕ್ಕದಲ್ಲಿ ಬಣ್ಣಕ್ಕೆ ಒಂದು ರ‍್ಯಾಡಿಕಲ್ ಸಿಕ್ಕರೆ ಕಾರ್ಬೊನೇಟಿಗೆ ಏಳೆಂಟು ಹೋಗುತ್ತವೆ. ಪಿಎಚ್ಚನ್ನು 5ರ ಹತ್ತಿರ ಇಳಿಸಿ, ಗಾಳಿ ಊದಿ ಇಂಗಾಲದ ಡೈಆಕ್ಸೈಡ್ ಹೊರಹಾಕಿದರೆ ಇದು ಸರಿಹೋಗುತ್ತದೆ, ಬಣ್ಣವೂ ಪುಡಿಗೆ ಅಂಟತೊಡಗುತ್ತದೆ. ಆದರೆ ಅದಕ್ಕೆ ದಿನಕ್ಕೆ 10 ಕೆ.ಜಿ. ಆಸುಪಾಸು ಗಂಧಕಾಮ್ಲ ಬೇಕು. ತೊಟ್ಟಿ ನೊರೆಯೇಳುತ್ತದೆ, ಹಾಕಿದ ಆಮ್ಲ ಸಲ್ಫೇಟ್ ಆಗಿ ಟಿಡಿಎಸ್‌ಗೆ ಸೇರುತ್ತದೆ. ಆಮ್ಲೀಯ ನೀರಿನಲ್ಲಿ ಇಷ್ಟೊಂದು ಕ್ಲೋರೈಡ್ ಇದ್ದಾಗ ಕ್ಲೋರಿನ್ ಸೇರಿದ ಸಾವಯವ ವಸ್ತುಗಳು ಹುಟ್ಟುವ ಅಪಾಯವೂ ಇದೆ.

ಎಷ್ಟು ಬಿಸಿಲು ಬೇಕು?

"ಕರೆಂಟ್ ಬೇಡ" ಎಂಬ ಮಾತನ್ನು ಕಾಗದದ ಮೇಲೆ ಇಟ್ಟು ನೋಡೋಣ. ನಿಮ್ಮ ಸಿಒಡಿ ಲೀಟರಿಗೆ 800 ಮಿ.ಗ್ರಾಂ, 5,000 ಲೀಟರಿಗೆ 4 ಕೆ.ಜಿ. ಇದರಲ್ಲಿ ಬಣ್ಣದ ಪಾಲು ಸಣ್ಣದು. ಉಳಿದದ್ದು ಕೋರಾ ನೂಲಿನಿಂದ ಬಿಟ್ಟ ಮೇಣ, ಸಾಬೂನು, ಅಸಿಟಿಕ್ ಆಮ್ಲದಂಥವು. ನಿಮ್ಮ ಕಡೆಯ ಒಳ್ಳೆಯ ಬಿಸಿಲಿನಲ್ಲಿ ಚದರ ಮೀಟರಿಗೆ ಸರಾಸರಿ 30 ವಾಟ್ ಅತಿನೇರಳೆ ಬೆಳಕು 5 ತಾಸು ಸಿಗುತ್ತದೆ ಎಂದಿಟ್ಟುಕೊಳ್ಳಿ. ಶೇ 4ರಷ್ಟು ಫೋಟಾನ್ ಕೆಲಸಕ್ಕೆ ಬಂದರೆ ಒಂದು ಚದರ ಮೀಟರ್ ಜಾಗ ದಿನಕ್ಕೆ ಸುಮಾರು ಅರ್ಧ ಗ್ರಾಂ ಸಿಒಡಿಯನ್ನು ಸುಡುತ್ತದೆ. 4 ಕೆ.ಜಿ.ಗೆ ಸುಮಾರು 7,500 ಚದರ ಮೀಟರ್ ಬೇಕು, ಎರಡು ಎಕರೆಗೆ ಸ್ವಲ್ಪ ಕಡಿಮೆ. ಮಳೆಗಾಲದ ಮೋಡವನ್ನು ನಾನಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಬಿಸಿಲಿನ ಬದಲು 365 ನ್ಯಾನೋಮೀಟರಿನ ಎಲ್‌ಇಡಿ ಹಾಕಿದರೆ? ಅದೇ ಲೆಕ್ಕದಲ್ಲಿ ದಿನಕ್ಕೆ 2,500 ಯೂನಿಟ್ ಕರೆಂಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ದಿನಕ್ಕೆ 17,500 ರೂಪಾಯಿ.

ಬಣ್ಣವನ್ನು ಮಾತ್ರ ತೆಗೆಯಲು ಇಷ್ಟೆಲ್ಲ ಬೇಡ. ಅಣುವಿನಲ್ಲಿ ಬಣ್ಣ ಕೊಡುವ ಅಜೋ ಕೊಂಡಿ ಮುರಿದರೆ ಸಾಕು, ನೀರು ತಿಳಿಯಾಗುತ್ತದೆ. ಗೊಂದಲ ಹುಟ್ಟುವುದು ಇಲ್ಲೇ. ಕೊಂಡಿ ಮುರಿದ ಮೇಲೂ ಅಣುವಿನ ತುಂಡುಗಳು ನೀರಿನಲ್ಲೇ ಇರುತ್ತವೆ, ಕೆಲವು ಮೂಲ ಬಣ್ಣಕ್ಕಿಂತ ವಿಷಕಾರಿ. ನೀರು ತಿಳಿಯಾದ ಹೊತ್ತಿಗೆ ಸಿಒಡಿ ಅಷ್ಟಾಗಿ ಇಳಿದಿರುವುದಿಲ್ಲ. ಲ್ಯಾಬ್ ವರದಿ ಇಲ್ಲದೆ "ಶುದ್ಧವಾಯಿತು" ಎಂಬ ಮಾತನ್ನು ಒಪ್ಪಬೇಡಿ.

ತೊಟ್ಟಿಯ ಆಳವೂ ಮುಖ್ಯ. ಲೀಟರಿಗೆ 1 ಗ್ರಾಂ ಪುಡಿ ಕಲಸಿದ ನೀರು ಹಾಲಿನಂತಿರುತ್ತದೆ, ಅತಿನೇರಳೆ ಬೆಳಕು ಒಂದೆರಡು ಸೆಂಟಿಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ. ಮೀಟರ್ ಆಳದ ತೊಟ್ಟಿಯಲ್ಲಿ ಶೇ 98 ನೀರು ಕತ್ತಲೆಯಲ್ಲೇ ಕುಳಿತಿರುತ್ತದೆ. ಇನ್ನು ಆ ಮುಚ್ಚಳ. ಪಾಲಿಕಾರ್ಬೊನೇಟ್ ಹಾಳೆ ಅತಿನೇರಳೆ ಬೆಳಕನ್ನು ಬಹುಪಾಲು ತಡೆದುಬಿಡುತ್ತದೆ. ಪುಡಿಗೆ ಬೇಕಾದ ಬೆಳಕನ್ನೇ ಮುಚ್ಚುವ ಮುಚ್ಚಳವನ್ನು ಜೊತೆಗೆ ಮಾರುತ್ತಿದ್ದಾರೆ ಎಂದರೆ ಅವರಿಗೆ ತಮ್ಮ ಸರಕು ಅರ್ಥವಾಗಿಲ್ಲ. ಬೋರೋಸಿಲಿಕೇಟ್ ಗಾಜಿನ ಕೊಳವೆಯಾದರೆ ಸರಿ, ದುಬಾರಿ.

ಪುಡಿ ವರ್ಷಗಟ್ಟಲೆ ಬರುತ್ತದೆಯೇ?

ರಾಸಾಯನಿಕವಾಗಿ ಟೈಟಾನಿಯಂ ಡೈಆಕ್ಸೈಡ್ ಸವೆಯುವುದಿಲ್ಲ, ಅಷ್ಟು ನಿಜ. ಆದರೆ 5,000 ಲೀಟರಿಗೆ ಲೀಟರಿಗೊಂದು ಗ್ರಾಂ ಎಂದರೆ ಒಂದು ಸಲಕ್ಕೆ 5 ಕೆ.ಜಿ. ಪುಡಿ ನೀರಿನಲ್ಲಿರುತ್ತದೆ. ಅದನ್ನು ಪ್ರತಿದಿನ ಮರಳಿ ಹಿಡಿಯಬೇಕು. ಹೆಚ್ಚು ಬಳಕೆಯಲ್ಲಿರುವ ಪಿ-25 ದರ್ಜೆಯಲ್ಲಿ ಮೂಲ ಕಣದ ಗಾತ್ರ 20-25 ನ್ಯಾನೋಮೀಟರ್. ಕ್ಷಾರ ನೀರಿನಲ್ಲಿ ಅದು ತಳಕ್ಕೆ ಕೂರದೆ ತೇಲುತ್ತಿರುತ್ತದೆ, ಬಟ್ಟೆಯ ಫಿಲ್ಟರಿನಲ್ಲಿ ದಾಟಿ ಹೋಗುತ್ತದೆ. ಪಿಎಚ್ 6.5ರ ಹತ್ತಿರ ತಂದರೆ ಗುಂಪುಗೂಡಿ ಕೂರುತ್ತದೆ, ಆದರೂ ಮೇಲಿನ ನೀರಿಗೆ ಮೈಕ್ರೋಫಿಲ್ಟರ್ ಬೇಕು. ಪಟಿಕ ಹಾಕಿ ಕೂರಿಸಿದರೆ ಪುಡಿ ಕೆಸರಿನ ಜೊತೆ ಸೇರಿ ಮತ್ತೆ ಬಳಕೆಗೆ ಬಾರದು. ದಿನಕ್ಕೆ ಶೇ 5 ಕಳೆದುಹೋದರೂ 250 ಗ್ರಾಂ; 10 ಕೆ.ಜಿ. ಮೂಟೆ 40 ದಿನ. ಉಳಿದ ಪುಡಿಯ ಮೈ ಮೇಲೂ ಸಾಬೂನಿನ ಜಿಡ್ಡು, ನೀರಿನ ಗಡಸುತನದ ಸುಣ್ಣ ಕೂತು ಚುರುಕು ಇಳಿಯುತ್ತದೆ.

ಒಣ ಪುಡಿಯನ್ನು ಬರಿಗೈಯಲ್ಲಿ ಎರಚುವುದನ್ನು ತೋರಿಸಿದ್ದರೆ ಅದನ್ನು ಕಲಿಯಬೇಡಿ. ಉಸಿರಿನ ಮೂಲಕ ಒಳಹೋಗುವ ಟೈಟಾನಿಯಂ ಡೈಆಕ್ಸೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2ಬಿ ಗುಂಪಿನಲ್ಲಿಟ್ಟಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವಂಥದ್ದು. ಎನ್-95 ಮಾಸ್ಕ್ ಹಾಕಿ, ಮೊದಲು ಒಂದು ಬಕೆಟ್ ನೀರಿನಲ್ಲಿ ಕಲಸಿ ತೊಟ್ಟಿಗೆ ಸುರಿಯಬೇಕು.

"ನಮ್ಮದು ಟೈಟಾನಿಯಂ ಅಲ್ಲ, ಮಾಮೂಲು ಬೆಳಕಿಗೂ ಕೆಲಸ ಮಾಡುತ್ತದೆ" ಎಂದರೆ ಅದರೊಳಗೆ ಏನಿದೆ ಎಂದು ಬರೆದುಕೊಡಲು ಹೇಳಿ. ಝಿಂಕ್ ಆಕ್ಸೈಡ್ ಆಗಿದ್ದರೆ ಆಮ್ಲದಲ್ಲೂ ತೀವ್ರ ಕ್ಷಾರದಲ್ಲೂ ಕರಗಿ ನೀರಿಗೆ ಸತು ಸೇರುತ್ತದೆ. ಹಳದಿ ಕ್ಯಾಡ್ಮಿಯಂ ಸಲ್ಫೈಡ್ ಆಗಿದ್ದರೆ ಬೆಳಕಿಗೆ ತಾನೇ ಕೊರೆದುಹೋಗಿ ಕ್ಯಾಡ್ಮಿಯಂ ಬಿಡುತ್ತದೆ. ಅದನ್ನು ಅಂಗಳಕ್ಕೂ ಸೇರಿಸಬೇಡಿ.

ಉಪ್ಪಿನ ಲೆಕ್ಕ

ದಿನಕ್ಕೆ 50 ಕೆ.ಜಿ. ಉಪ್ಪು, 15 ಕೆ.ಜಿ. ಸೋಡಾ ಆಶ್. 65 ಕೆ.ಜಿ.ಯನ್ನು 5,000 ಲೀಟರಿಗೆ ಹಂಚಿದರೆ ಲೀಟರಿಗೆ 13,000 ಮಿ.ಗ್ರಾಂ. ಜವಳಿ ಘಟಕಗಳಿಗೆ 2016ರ ಕೇಂದ್ರ ಅಧಿಸೂಚನೆಯ ಮಿತಿ 2,100. ಅದೇ ಪಟ್ಟಿಯಲ್ಲಿ ಸಿಒಡಿ 250, ಬಿಒಡಿ (ಸೂಕ್ಷ್ಮಜೀವಿಗಳು ಕರಗಿಸಬಲ್ಲ ಕೊಳೆಯ ಅಳತೆ) 30, ಬಣ್ಣ 150 ಪ್ಲಾಟಿನಂ-ಕೋಬಾಲ್ಟ್ ಘಟಕ, ಪಿಎಚ್ 6.5ರಿಂದ 8.5 ಎಂದಿದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನಿಮ್ಮ ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಷರತ್ತಿದ್ದರೆ ಅದೇ ನಿಮಗೆ ಲೆಕ್ಕ.

ಕಬ್ಬಿಗೆ ಬಿಡುವ ಮಾತಿಗೆ ಉತ್ತರ ಖಂಡಿತ ಬೇಡ. ನಿಮ್ಮ ನೀರಿನಲ್ಲಿ ಸೋಡಿಯಂ ಲೀಟರಿಗೆ 5 ಗ್ರಾಂ ದಾಟುತ್ತದೆ. ಕ್ಯಾಲ್ಸಿಯಂ-ಮೆಗ್ನೀಷಿಯಂಗೆ ಹೋಲಿಸಿದ ಸೋಡಿಯಂ ಅನುಪಾತದ ಮಿತಿ 26. ನಿಮ್ಮ ಬೋರ್‌ವೆಲ್ ನೀರು ಸಾಕಷ್ಟು ಗಡಸಾಗಿದ್ದರೂ ಇಲ್ಲಿ ಅದು 100ರ ಆಸುಪಾಸಿಗೆ ಬರುತ್ತದೆ. ಎರೆಭೂಮಿಗೆ ಇಷ್ಟು ಸೋಡಿಯಂ ಬಿದ್ದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗುವುದು ನಿಲ್ಲುತ್ತದೆ. ಕೃಷ್ಣಾ ತೀರದಲ್ಲಿ ಸವಳು-ಜವಳು ಹಿಡಿದ ಹೊಲಗಳನ್ನು ನೀವೇ ಕಂಡಿರುತ್ತೀರಿ. ಬಣ್ಣವಿಲ್ಲದ ಉಪ್ಪುನೀರು ಬಣ್ಣದ ಉಪ್ಪುನೀರಿಗಿಂತ ಹೆಚ್ಚು ಅಪಾಯಕಾರಿ ಎಂದೇ ನನ್ನ ಎಣಿಕೆ. ಪಕ್ಕದ ಹೊಲದವರಿಗೆ ಅನುಮಾನವೇ ಬರುವುದಿಲ್ಲ. ತಿರುಪ್ಪೂರಿನ ಬಣ್ಣದ ಘಟಕಗಳನ್ನು 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಮುಚ್ಚಿಸಿದ್ದರ ಹಿಂದೆ ನೊಯ್ಯಲ್ ನದಿಗೆ ಹರಿದ ಬಣ್ಣದ ಜೊತೆ ಈ ಉಪ್ಪೂ ಇತ್ತು.

ಹಾಗಾದರೆ ಏನು ಮಾಡುವುದು?

ಮೊದಲ ಕೆಲಸಕ್ಕೆ ಪುಡಿ ಬೇಡ, ಒಂದು ಪೈಪು ಮತ್ತು ಎರಡು ವಾಲ್ವ್ ಸಾಕು. ನೀರನ್ನು ಬೇರೆಬೇರೆ ಮಾಡಿ. 50 ಕೆ.ಜಿ. ಲಡಿ ತೊಟ್ಟಿಯಿಂದ ಮೇಲೆದ್ದಾಗ ಕೆ.ಜಿ.ಗೆ ಎರಡೂವರೆ ಲೀಟರಿನಂತೆ ಸುಮಾರು 125 ಲೀಟರ್ ಹೊತ್ತುಕೊಂಡು ಬರುತ್ತದೆ. ಅಂದರೆ 65 ಕೆ.ಜಿ.ಯಲ್ಲಿ 57 ಕೆ.ಜಿ. ಬಣ್ಣದ ತೊಟ್ಟಿಯಲ್ಲೇ ಉಳಿಯುತ್ತದೆ. ಮೊದಲ ತೊಳೆತದ 1,000 ಲೀಟರಿಗೆ 7 ಕೆ.ಜಿ. ಇಳಿಯುತ್ತದೆ. ಆಮೇಲಿನ ತೊಳೆತಗಳಿಗೆಲ್ಲ ಸೇರಿ 1 ಕೆ.ಜಿ. ಉಳಿದರೆ ಹೆಚ್ಚು. ಲಡಿಯನ್ನು ಹೈಡ್ರೋ ಯಂತ್ರದಲ್ಲಿ ಹಿಂಡಿ ಆಮೇಲೆ ತೊಳೆದರೆ ಇನ್ನೂ ಒಳ್ಳೆಯದು. ಈ ಎರಡು ತೊಟ್ಟಿಯ ನೀರನ್ನು ಬೇರೆ ಹಿಡಿದರೆ ಉಳಿದ 3,000 ಲೀಟರಿನ ಟಿಡಿಎಸ್, ಬೇಯಿಸಿದ ನೀರಿನ ಕ್ಷಾರ ಸೇರಿದರೂ, ಮಿತಿಯ ಹತ್ತಿರಕ್ಕೆ ಇಳಿಯುತ್ತದೆ. ಎಷ್ಟು ಎಂಬುದು ನಿಮ್ಮ ಬೋರ್‌ವೆಲ್ ನೀರಿನ ಮೇಲಿದೆ. ಸಾವಿರ-ಎರಡು ಸಾವಿರ ರೂಪಾಯಿಯ ಟಿಡಿಎಸ್ ಪೆನ್ ತಂದು ಪ್ರತಿ ತೊಳೆತವನ್ನೂ ಅಳೆದು ಬರೆದಿಡಿ. ಬಹುತೇಕ ಪೆನ್ನುಗಳು 9,990ಕ್ಕೆ ನಿಲ್ಲುತ್ತವೆ, ಹಾಗಾಗಿ ತೊಟ್ಟಿಯ ನೀರನ್ನು ಹತ್ತು ಪಟ್ಟು ತೆಳುಮಾಡಿ ನೋಡಿ.

ಮೊದಲ ತೊಳೆತದ ನೀರನ್ನು ಮರುದಿನ ಅದೇ ಬಣ್ಣದ ಅಥವಾ ಇನ್ನೂ ಗಾಢ ಬಣ್ಣದ ತೊಟ್ಟಿ ತುಂಬಲು ಬಳಸಬಹುದು. ಆದರೆ ಅದರಲ್ಲಿರುವ ಸೋಡಾ ಆಶನ್ನು ಅಸಿಟಿಕ್ ಆಮ್ಲ ಹಾಕಿ ಪಿಎಚ್ 7ಕ್ಕೆ ತರದೆ ಬಳಸಿದರೆ ಬಣ್ಣ ಮೊದಲೇ ಹಿಡಿಯತೊಡಗಿ ಲಡಿಯಲ್ಲಿ ಪಟ್ಟೆ ಏಳುತ್ತದೆ. ತಿಳಿ ಬಣ್ಣಗಳಿಗೆ ಈ ನೀರು ಬೇಡವೇ ಬೇಡ.

ಉಳಿಯುವುದು ದಿನಕ್ಕೆ 1,000 ಲೀಟರ್ ಗಟ್ಟಿ ಉಪ್ಪುನೀರು. ಸಾಮೂಹಿಕ ಶುದ್ಧೀಕರಣ ಘಟಕದವರು ಒಯ್ಯುವುದಾದರೆ ಅದೇ ಸುಲಭ. ಇಲ್ಲವಾದರೆ ಎಚ್‌ಡಿಪಿಇ ಹಾಳೆ ಹಾಸಿದ ಆವಿ ಕೊಳ: ದಿನಕ್ಕೆ 4 ಮಿ.ಮೀ. ಆವಿಯಾದರೆ 250 ಚದರ ಮೀಟರ್. ಬೇಸಿಗೆಯಲ್ಲಿ ಇದಕ್ಕಿಂತ ಬೇಗ ಆರುತ್ತದೆ, ಮುಂಗಾರಿನಲ್ಲಿ ಮಳೆಯ ನೀರೇ ಸೇರುತ್ತದೆ. ಅದಕ್ಕೆ ಮೇಲೊಂದು ಹೊದಿಕೆ, ಎರಡು-ಮೂರು ತಿಂಗಳು ಹಿಡಿಯುವಷ್ಟು ಶೇಖರಣೆ ಬೇಕು. ಒಣಗಿದ ಉಪ್ಪನ್ನು ಮಾರುವಂತಿಲ್ಲ, ಹಳ್ಳಕ್ಕೆ ಚೆಲ್ಲುವಂತಿಲ್ಲ. ಅಪಾಯಕಾರಿ ತ್ಯಾಜ್ಯವೆಂದು ಅಧಿಕೃತ ವಿಲೇವಾರಿ ಘಟಕಕ್ಕೆ ಕಳಿಸಬೇಕು. ಈ ಖರ್ಚು ಯಾರಿಗೂ ಇಷ್ಟವಾಗುವುದಿಲ್ಲ, ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಕಡಿಮೆ ಉಪ್ಪು ಬೇಡುವ ರಿಯಾಕ್ಟಿವ್ ಬಣ್ಣಗಳು ಸಿಗುತ್ತವೆ. ಕೆ.ಜಿ. ನೂಲಿಗೆ 20 ಲೀಟರ್ ಬದಲು 8-10 ಲೀಟರಿನಲ್ಲಿ ಬಣ್ಣ ಹಾಕುವ ಕ್ಯಾಬಿನೆಟ್ ಯಂತ್ರವಾದರೆ ಉಪ್ಪು ಅರ್ಧಕ್ಕೆ ಇಳಿಯುತ್ತದೆ. ಬಂಡವಾಳ ಇದ್ದರೆ ಅದನ್ನು ಇಲ್ಲಿ ಹಾಕಿ.

ಬೇರೆ ಮಾಡಿದ 3,000 ಲೀಟರಿನ ಬಣ್ಣಕ್ಕೆ ಹಳೆಯ ದಾರಿಯೇ ಅಗ್ಗ: ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು ಸುಣ್ಣ. ಕರಗುವ ರಿಯಾಕ್ಟಿವ್ ಬಣ್ಣಕ್ಕೆ ಪಟಿಕ ಅಷ್ಟಾಗಿ ನಾಟುವುದಿಲ್ಲ. ಅನ್ನಭೇದಿಯ ಕಬ್ಬಿಣ ಅಜೋ ಕೊಂಡಿಯನ್ನೂ ಮುರಿಯುತ್ತದೆ, ತಾನೂ ಮಡ್ಡಿಯಾಗಿ ಕೂರುತ್ತದೆ. ಒಂದೊಂದು ಲೀಟರಿನ ಮೂರು ಪಾತ್ರೆಯಲ್ಲಿ 300, 500, 800 ಮಿ.ಗ್ರಾಂ ಅನ್ನಭೇದಿ ಹಾಕಿ, ಸುಣ್ಣದ ತಿಳಿಯಿಂದ ಪಿಎಚ್ 9-9.5ಕ್ಕೆ ತನ್ನಿ. 1 ನಿಮಿಷ ಜೋರಾಗಿ, 15 ನಿಮಿಷ ನಿಧಾನವಾಗಿ ಕದಡಿ, ಅರ್ಧ ತಾಸು ಬಿಡಿ. ಯಾವುದರಲ್ಲಿ ಕಡಿಮೆ ಅನ್ನಭೇದಿಗೆ ತಿಳಿನೀರು ಬಂತೋ ಅದು ನಿಮ್ಮ ಪ್ರಮಾಣ. ಕೆಸರು ಬಂದೇ ಬರುತ್ತದೆ, ಒಣಗಿಸುವ ಹಾಸಿಗೆ ಕಟ್ಟಬೇಕು. ತಿಳಿನೀರಿನ ಪಿಎಚ್ಚನ್ನು 7-8ಕ್ಕೆ ಇಳಿಸಿ, ಗಾಳಿ ಊದುವ ಜೈವಿಕ ತೊಟ್ಟಿಗೆ ಬಿಡಿ. ಯೂರಿಯಾ, ಡಿಎಪಿ ಸ್ವಲ್ಪ ಹಾಕದಿದ್ದರೆ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಮೇಣ, ಸಾಬೂನುಗಳ ಸಿಒಡಿ ಇಳಿಯುವುದು ಇಲ್ಲಿ.

ಬೆಳಕಿನ ಪುಡಿಗೆ ಜಾಗವಿದ್ದರೆ ಅದು ಇದೆಲ್ಲದರ ಕೊನೆಗೆ, ನೀರು ತಿಳಿಯಾಗಿ ಉಪ್ಪು ಕಡಿಮೆಯಾದ ಮೇಲೆ. ಆಗಲೂ 3,000 ಲೀಟರಿನಿಂದ ಲೀಟರಿಗೆ 50 ಮಿ.ಗ್ರಾಂ ಸಿಒಡಿ ತೆಗೆಯಲು ಸುಮಾರು 285 ಚದರ ಮೀಟರ್ ಬೇಕು. ಆ ಕೆಲಸಕ್ಕೆ ಇದ್ದಿಲಿನ ಫಿಲ್ಟರ್ ಸಾಕು. ಸೂಕ್ಷ್ಮಜೀವಿಗಳಿಗೆ ಕರಗದ ಕೀಟನಾಶಕ, ಔಷಧದ ಅಂಶಗಳು ತೀರಾ ಕಡಿಮೆ ಪ್ರಮಾಣದಲ್ಲಿದ್ದಾಗ ಈ ವಿದ್ಯೆಗೆ ನಿಜವಾದ ಬೆಲೆ. ಸ್ಪೇನಿನ ಅಲ್ಮೇರಿಯಾದಲ್ಲಿ ಕೀಟನಾಶಕದ ಡಬ್ಬ ತೊಳೆದ ನೀರನ್ನು ಬಿಸಿಲಿನಲ್ಲಿ ಶುದ್ಧಗೊಳಿಸಿದ್ದಾರೆ. ಅಲ್ಲೂ ಆರಿಸಿಕೊಂಡದ್ದು ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದ ಫೋಟೋ-ಫೆಂಟನ್ ವಿಧಾನವನ್ನು. ಅದಕ್ಕೆ ಪಿಎಚ್ 3ರ ಹತ್ತಿರ ಬೇಕು, ಹೆಚ್ಚು ಕ್ಲೋರೈಡ್ ಆಗದು; ಹಾಗಾಗಿ ನಿಮ್ಮ ಬಣ್ಣದ ತೊಟ್ಟಿಗೆ ಅದನ್ನೂ ಹೇಳಲಾರೆ.

ಇಷ್ಟಾದ ಮೇಲೂ ಮಾರಾಟಗಾರರು ಪಟ್ಟು ಬಿಡದಿದ್ದರೆ ಪರೀಕ್ಷೆ ನಿಮ್ಮ ಅಂಗಳದಲ್ಲೇ ಆಗಲಿ. ನೀರು ನಿಮ್ಮದೇ ಇರಬೇಕು, ತೆಳುಮಾಡಕೂಡದು. ಅಗಲವಾದ ಮೂರು ಗಾಜಿನ ತಟ್ಟೆಗಳಲ್ಲಿ 500 ಮಿ.ಲೀ.ನಂತೆ ಹಾಕಿ, ಆಳ 2 ಸೆಂ.ಮೀ. ಮೀರದಿರಲಿ. ಒಂದಕ್ಕೆ ಅರ್ಧ ಗ್ರಾಂ ಪುಡಿ ಹಾಕಿ ಕಪ್ಪು ಬಟ್ಟೆ ಮುಚ್ಚಿ. ಇನ್ನೊಂದನ್ನು ಪುಡಿಯಿಲ್ಲದೆ ಬಿಸಿಲಿಗಿಡಿ. ಮೂರನೆಯದಕ್ಕೆ ಪುಡಿ ಹಾಕಿ ಅರ್ಧ ತಾಸು ಕತ್ತಲಲ್ಲಿಟ್ಟು, ಆಮೇಲೆ ಬಿಸಿಲಿಗೆ ತನ್ನಿ. ಮೀನಿನ ತೊಟ್ಟಿಯ ಪಂಪಿನಿಂದ ಮೂರಕ್ಕೂ ಗಾಳಿ ಊದಿ. ಆವಿಯಾದಷ್ಟು ಡಿಸ್ಟಿಲ್ಡ್ ನೀರು ಸೇರಿಸದಿದ್ದರೆ ಅಂಕಿಗಳೆಲ್ಲ ಏರುಪೇರಾಗುತ್ತವೆ. 4 ತಾಸಿನ ಬಳಿಕ ಮೂರನ್ನೂ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮೂಲ ನೀರಿನ ಮಾದರಿಯ ಜೊತೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಕೊಡಿ. ಬಣ್ಣ, ಸಿಒಡಿ, ಟಿಡಿಎಸ್ ಮೂರೂ ಬೇಕು. ಕ್ಲೋರೈಡ್ ಹೆಚ್ಚಿದೆ ಎಂದು ಲ್ಯಾಬಿನವರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಸಿಒಡಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಪುಡಿಯ ಜೊತೆ ಪೆರಾಕ್ಸೈಡ್ ಹಾಕಿದ್ದರೆ ಉಳಿದ ಪೆರಾಕ್ಸೈಡೂ ಸಿಒಡಿಯಾಗಿ ಎಣಿಕೆಯಾಗುತ್ತದೆ. ಆಮೇಲೆ ಅದೇ ಪುಡಿಯನ್ನು ತೊಳೆದು, ಹೊಸ ನೀರಿನಲ್ಲಿ ಇನ್ನೂ ಎರಡು ಸಲ ಇದನ್ನೇ ಮಾಡಿ.

ಕತ್ತಲೆಯ ತಟ್ಟೆಯಲ್ಲೂ ಬಣ್ಣ ಅಷ್ಟೇ ಇಳಿದಿದ್ದರೆ ಪುಡಿ ಬಣ್ಣವನ್ನು ಹೀರಿದೆಯೇ ಹೊರತು ಒಡೆದಿಲ್ಲ. ಬಿಸಿಲಿನ ತಟ್ಟೆಯಲ್ಲಿ ಬಣ್ಣ ಹೋಗಿ ಸಿಒಡಿ ಹಾಗೇ ಇದ್ದರೆ ಬರೀ ಕೊಂಡಿ ಮುರಿದಿದೆ. ಮೂರನೆಯ ಸುತ್ತಿನಲ್ಲಿ ಚುರುಕು ಅರ್ಧಕ್ಕಿಳಿದರೆ "ವರ್ಷಗಟ್ಟಲೆ" ಎಂಬ ಮಾತು ಅಲ್ಲಿಗೆ ಮುಗಿಯಿತು. ಹೊರಬರುವ ನೀರಿನ ಸಿಒಡಿ 250, ಟಿಡಿಎಸ್ 2,100 ಮೀರುವುದಿಲ್ಲ, ಮೀರಿದರೆ ಹಣ ವಾಪಸ್ ಎಂದು ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿಕೊಟ್ಟರೆ ಆಗ ಮುಂಗಡದ ಮಾತಾಡಿ.